ಫ್ಲ್ಯಾಟಿಗೆ ಯಾವ ವಿಮೆ? ಅಸೋಸಿಯೇಷನ್ನಿನದು, ಬ್ಯಾಂಕಿನದು, ಸ್ವಂತದ್ದು – ಒಂದು ಹೋಲಿಕೆ

ಕಾಸರಗೋಡು, ಉಪ್ಪಳ, ಹೊಸದುರ್ಗದ ಕಡೆ ಫ್ಲ್ಯಾಟು ಕೊಂಡವರ ಗೊಂದಲ ಹೆಚ್ಚುಕಡಿಮೆ ಒಂದೇ ರೀತಿಯದು. ಮಾಲಿಕರ ಅಸೋಸಿಯೇಷನ್ನಿಗೆ ಕಟ್ಟುವ ಮೆಂಟೆನೆನ್ಸ್ ಲೆಕ್ಕದಲ್ಲಿ 'ವಿಮೆ' ಎಂದು ಒಂದು ಸಾಲು ಇರುತ್ತದೆ. ಗೃಹಸಾಲದ ಕಡತದಲ್ಲಿ ಬ್ಯಾಂಕಿನವರು ಸೇರಿಸಿದ ಇನ್ನೊಂದು ಪಾಲಿಸಿ ಇರುತ್ತದೆ. ಅಷ್ಟರಲ್ಲಿ ಮಂಗಳೂರಿನ ಏಜೆಂಟರೊಬ್ಬರು ಫೋನು ಮಾಡಿ ಮೂರನೆಯದನ್ನು ವಿವರಿಸುತ್ತಾರೆ. ಮೂರಕ್ಕೂ ದುಡ್ಡು ಕಟ್ಟಿ, ಕಡೆಗೆ ಸಿಡಿಲಿಗೆ ಸುಟ್ಟ ಟಿ.ವಿ.ಗೆ ಮೂರರಿಂದಲೂ ಬಿಡಿಗಾಸು ಸಿಗದಿರುವುದು ಇಲ್ಲಿ ಖಂಡಿತ ಸಾಧ್ಯ. ಹಾಗಾಗಿ ಪ್ರೀಮಿಯಂ ಎಷ್ಟು ಎಂದು ಕೇಳುವುದು ಕಡೆಯ ಕೆಲಸವಾಗಲಿ.

ಯಾವುದರಿಂದ ಅಳೆಯಬೇಕು

ಒಂಟಿ ಮನೆಗೂ ಫ್ಲ್ಯಾಟಿಗೂ ಇರುವ ದೊಡ್ಡ ವ್ಯತ್ಯಾಸ ಇದು: ಗೋಡೆ, ಕಂಬ, ತಾರಸಿ, ಲಿಫ್ಟು, ನೀರಿನ ಟ್ಯಾಂಕಿ ನಿಮ್ಮೊಬ್ಬರದಲ್ಲ. ಒಳಗಿನ ಸಾಮಾನು ಮಾತ್ರ ಪೂರ್ತಿ ನಿಮ್ಮದು. ಆದ್ದರಿಂದ ಪ್ರತಿ ಪಾಲಿಸಿಗೂ ಐದು ಪ್ರಶ್ನೆ ಹಾಕಿ. ಅದು ಕಟ್ಟಡಕ್ಕೋ, ಸಾಮಾನಿಗೋ, ಎರಡಕ್ಕೋ? ನಮ್ಮ ಊರಿನಲ್ಲಿ ನಿಜವಾಗಿ ಆಗುವ ಅನಾಹುತಗಳು, ಅಂದರೆ ಸಿಡಿಲು, ಗಾಳಿಮಳೆ, ಮರ ಬೀಳುವುದು, ಗುಡ್ಡ ಜರಿಯುವುದು, ಬೀಗ ಹಾಕಿದ ಮನೆಯ ಕಳವು, ಅದರಲ್ಲಿ ಸೇರಿವೆಯೇ? ವಿಮಾ ಮೊತ್ತವನ್ನು ಯಾವ ಲೆಕ್ಕದಲ್ಲಿ ಹಾಕಿದ್ದಾರೆ? ಪರಿಹಾರದ ಹಣ ಯಾರ ಕೈಗೆ ಹೋಗುತ್ತದೆ? ಮನೆ ತಿಂಗಳುಗಟ್ಟಲೆ ಮುಚ್ಚಿದ್ದರೆ ಏನಾಗುತ್ತದೆ? ಗಲ್ಫಿನಲ್ಲಿ ಇರುವವರ ಫ್ಲ್ಯಾಟುಗಳೇ ಬೇಕಾದಷ್ಟಿರುವ ಈ ಜಿಲ್ಲೆಯಲ್ಲಿ ಐದನೆಯ ಪ್ರಶ್ನೆಯನ್ನು ಬಿಡುವ ಹಾಗೇ ಇಲ್ಲ.

ತಳಪಾಯ: ಭಾರತ್ ಗೃಹ ರಕ್ಷಾ

2021ರ ಏಪ್ರಿಲ್ 1ರಿಂದ ಮನೆವಿಮೆ ಮಾರುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಕೊಡಲೇಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಮಾಡಿದೆ. ಷರತ್ತುಗಳು ಎಲ್ಲೆಡೆ ಒಂದೇ, ದರ ಮಾತ್ರ ಬೇರೆ ಬೇರೆ. ಆದ್ದರಿಂದ ಇದನ್ನು ಸರಿಯಾಗಿ ತಿಳಿದುಕೊಂಡರೆ ಉಳಿದವನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಸುಲಭ.

ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಚಂಡಮಾರುತ, ನೆರೆ, ಸುನಾಮಿ, ಭೂಕುಸಿತ, ಮರವೋ ವಾಹನವೋ ಬಂದು ಬಡಿಯುವುದು, ಗಲಭೆ, ಭಯೋತ್ಪಾದನೆ, ನೀರಿನ ಟ್ಯಾಂಕಿ ಅಥವಾ ಪೈಪು ಒಡೆದು ಉಕ್ಕುವುದು – ಇಷ್ಟೂ ಇದರಲ್ಲಿ ಸೇರಿವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಒಳಗಿನ ಸಾಮಾನಿಗೆ ಆ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ, ತಾನಾಗಿಯೇ ಸಿಗುತ್ತದೆ. ಹೆಚ್ಚು ಬೇಕಿದ್ದರೆ ಪಟ್ಟಿ ಕೊಟ್ಟು ಏರಿಸಿಕೊಳ್ಳಬಹುದು. ಮನೆ ವಾಸಕ್ಕೆ ಯೋಗ್ಯವಾಗುವ ತನಕ ಬೇರೆ ಕಡೆ ಕೊಡುವ ಬಾಡಿಗೆ, ಅವಶೇಷ ತೆಗೆಯುವ ಖರ್ಚು (ಕ್ಲೇಮಿನ ಶೇ. 2ರ ತನಕ), ಎಂಜಿನಿಯರರ ಶುಲ್ಕ (ಶೇ. 5ರ ತನಕ) ಕೂಡ ಇದರೊಳಗೇ ಇವೆ.

ಇನ್ನೊಂದು ದೊಡ್ಡ ಅನುಕೂಲವೆಂದರೆ ಅಂಡರ್‌ಇನ್ಶೂರೆನ್ಸ್ ಕಡಿತ, ಅಂದರೆ ನಿಜ ಮೌಲ್ಯಕ್ಕಿಂತ ಕಡಿಮೆಗೆ ವಿಮೆ ಮಾಡಿಸಿದ್ದಕ್ಕೆ ಪರಿಹಾರದಲ್ಲಿ ಮುರಿದುಕೊಳ್ಳುವುದು, ಇಲ್ಲ. ಹಳೆಯ ಬೆಂಕಿವಿಮೆಯಲ್ಲಿ 10 ಕೋಟಿಯ ಕಟ್ಟಡಕ್ಕೆ 6 ಕೋಟಿಗೆ ವಿಮೆ ಮಾಡಿಸಿದ್ದರೆ, 10 ಲಕ್ಷದ ನಷ್ಟಕ್ಕೂ 6 ಲಕ್ಷವೇ ಸಿಗುತ್ತಿತ್ತು. ಗೃಹ ರಕ್ಷಾದಲ್ಲಿ ವಿಮಾ ಮೊತ್ತದ ಮಿತಿಯೊಳಗೆ ನಷ್ಟ ಎಷ್ಟೋ ಅಷ್ಟು ಕೊಡಬೇಕು.

ಇನ್ನು ಇದರಲ್ಲಿ ಇಲ್ಲದ್ದನ್ನು ನೋಡೋಣ. ನಮ್ಮ ಕಡೆಯವರು ಎಡವುವುದು ಇಲ್ಲಿಯೇ.

ಮೊದಲನೆಯದು ಸಿಡಿಲು. 'ಸಿಡಿಲಿಗೆ ವಿಮೆ ಇದೆ' ಎಂದು ಎಲ್ಲರೂ ಹೇಳುತ್ತಾರೆ, ಅದು ಸುಳ್ಳಲ್ಲ. ಗೋಡೆ ಬಿರುಕುಬಿಟ್ಟರೆ, ಪ್ಲಾಸ್ಟರ್ ಕಿತ್ತುಹೋದರೆ, ಬೆಂಕಿ ಹತ್ತಿದರೆ ಸಿಗುತ್ತದೆ. ಆದರೆ ವಿದ್ಯುತ್ ಉಪಕರಣಗಳ ಬಗ್ಗೆ ಪಾಲಿಸಿಯಲ್ಲಿ ಪ್ರತ್ಯೇಕ ಹೊರತುಪಡಿಕೆ ಇದೆ: ಅತಿವೋಲ್ಟೇಜು, ಶಾರ್ಟ್ ಸರ್ಕ್ಯೂಟು, ತಾನಾಗಿ ಬಿಸಿಯಾಗುವುದು ಇವುಗಳಿಂದ ಯಾವ ಯಂತ್ರ ಕೆಡುತ್ತದೋ ಆ ಯಂತ್ರಕ್ಕೆ ಪರಿಹಾರವಿಲ್ಲ, ಕಾರಣ ಸಿಡಿಲೇ ಆಗಿದ್ದರೂ ಇಲ್ಲ. ಮಳೆಗಾಲಕ್ಕೆ ಮುಂಚೆ ಏಪ್ರಿಲ್–ಮೇಯಲ್ಲಿ, ಮತ್ತೆ ತುಲಾ ತಿಂಗಳ ಸಂಜೆಗಳಲ್ಲಿ ಇಲ್ಲಿ ಆಗುವ ಹಾನಿಯೆಲ್ಲ ಬಹುಪಾಲು ಇದೇ ಜಾತಿಯದು. ಲೈನಿನಲ್ಲಿ ಬಂದ ಏಟಿಗೆ ಟಿ.ವಿ.ಯ ಬೋರ್ಡು, ಇನ್ವರ್ಟರು, ಮೋಡೆಮ್ಮು, ಫ್ರಿಜ್ಜಿನ ಕಂಟ್ರೋಲ್ ಕಾರ್ಡು ಹೋಗುತ್ತವೆ. ಒಂದು ಉಪಕರಣದಿಂದ ಬೆಂಕಿ ಹಬ್ಬಿ ಪಕ್ಕದ ಸೋಫಾ ಸುಟ್ಟರೆ ಸೋಫಾಕ್ಕೆ ಹಣ ಬರುತ್ತದೆ, ಆ ಉಪಕರಣಕ್ಕೆ ಬರುವುದಿಲ್ಲ. ಇದಕ್ಕೆ ಬೇಕಾದ್ದು ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳ ಹೆಚ್ಚುವರಿ ರಕ್ಷಣೆ. ಅದನ್ನು ಬೇರೆಯೇ ಕೇಳಿ ಪಡೆಯಬೇಕು. ಜತೆಗೆ ಮೈನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ (ಅತಿವೋಲ್ಟೇಜನ್ನು ತಡೆಯುವ ಸಾಧನ) ಹಾಕಿಸುವುದು ಯಾವ ಪಾಲಿಸಿಗಿಂತಲೂ ಅಗ್ಗದ ವಿಮೆ.

ಎರಡನೆಯದು ನೆಲ ಕುಸಿಯುವುದು. ಭೂಕುಸಿತ ಸೇರಿದೆ, ಆದರೆ ಷರತ್ತಿನೊಡನೆ. ಹೊಸ ಕಟ್ಟಡ ಕೂರುವಾಗ ಬರುವ ಬಿರುಕು, ಮಣ್ಣು ತುಂಬಿಸಿ ಮಾಡಿದ ಜಾಗ ಇಳಿಯುವುದು, ಕಡಲ್ಕೊರೆತ ಮತ್ತು ಹೊಳೆಯ ದಡ ಕೊರೆತ, ಕಳಪೆ ವಿನ್ಯಾಸ, ಪಕ್ಕದಲ್ಲಿ ಅಗೆತ ಅಥವಾ ಕಟ್ಟಡ ಕೆಲಸದಿಂದ ಆಗುವ ಕುಸಿತ – ಇವೆಲ್ಲ ಹೊರಗೆ. ಗದ್ದೆ ತುಂಬಿಸಿ ಕಟ್ಟಿದ ಅಪಾರ್ಟ್‌ಮೆಂಟಿನವರು, ಗುಡ್ಡ ಕಡಿದ ಬರೆಯ ಬುಡದಲ್ಲಿ ಇರುವವರು, ಕಡಲಿಗೆ ಮುಖ ಮಾಡಿದ ಕಟ್ಟಡದವರು ಇದನ್ನು ಎರಡು ಸಲ ಓದಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ಗುಡ್ಡ ಕಡಿದ ಕಡೆಗಳಲ್ಲಿ 'ಮಳೆಯಿಂದ ಜರಿಯಿತೋ, ಅಗೆತದಿಂದ ಜರಿಯಿತೋ' ಎಂಬ ಪ್ರಶ್ನೆಯೇ ಕ್ಲೇಮಿನ ಹಣೆಬರಹ ನಿರ್ಧರಿಸುತ್ತದೆ. ಮಳೆಗಾಲಕ್ಕೆ ಮೊದಲೇ ಬರೆಯ, ತಡೆಗೋಡೆಯ ಫೋಟೋಗಳನ್ನು ತಾರೀಕಿನ ಸಮೇತ ತೆಗೆದಿಡುವುದು ಒಳ್ಳೆಯದು.

ಮೂರನೆಯದು ಕಳವು. ಬೆಂಕಿಯೋ ನೆರೆಯೋ ಆದ ಮೇಲೆ 7 ದಿನದೊಳಗೆ, ಅದೇ ಕಾರಣದಿಂದ ಆದ ಕಳವಿಗೆ ಮಾತ್ರ ಮೂಲ ಪಾಲಿಸಿಯಲ್ಲಿ ಹಣ ಇದೆ. ಬೀಗ ಒಡೆದು ಕದ್ದದ್ದಕ್ಕೆ ಇಲ್ಲ.

ನಾಲ್ಕನೆಯದು ಸೋರಿಕೆ. ತಾರಸಿಯ ಟ್ಯಾಂಕಿ ಒಡೆದು ಮೇಲಿನ ಮಹಡಿಯ ಫ್ಲ್ಯಾಟಿಗೆ ನೀರು ನುಗ್ಗಿದರೆ ಸಿಗುತ್ತದೆ. ಮೇಲಿನವರ ಬಚ್ಚಲಿನಿಂದ ವರ್ಷಾನುಗಟ್ಟಲೆ ಒಸರಿ ನಿಮ್ಮ ಸೀಲಿಂಗ್ ಕಪ್ಪಾದರೆ ಸಿಗುವುದಿಲ್ಲ. ಅದು ಸವಕಳಿ, ಅಪಘಾತವಲ್ಲ. ಕಟ್ಟಡ ಹೊಸದಾಗಿದ್ದರೆ ವಿಮೆಯ ಹಿಂದೆ ಓಡುವ ಬದಲು ಬಿಲ್ಡರನ್ನು ಹಿಡಿಯಿರಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಸೆಕ್ಷನ್ 14(3)ರ ಪ್ರಕಾರ ಸ್ವಾಧೀನ ಕೊಟ್ಟ 5 ವರ್ಷದೊಳಗೆ ತಿಳಿಸಿದ ರಚನೆಯ ಮತ್ತು ಕೆಲಸದ ದೋಷವನ್ನು 30 ದಿನದಲ್ಲಿ ಅವರ ಖರ್ಚಿನಲ್ಲೇ ಸರಿಪಡಿಸಿಕೊಡಬೇಕು.

ಅಸೋಸಿಯೇಷನ್ನಿನ ಪಾಲಿಸಿ

ಕೇರಳ ಅಪಾರ್ಟ್‌ಮೆಂಟ್ ಮಾಲಿಕತ್ವ ಕಾಯ್ದೆ, 1983ರಂತೆ ಬೈಲಾ ಹೇಳಿದರೆ ಅಥವಾ ಬಹುಮತದ ಮಾಲಿಕರು ಬಯಸಿದರೆ ಅಸೋಸಿಯೇಷನ್ ಇಡೀ ಕಟ್ಟಡಕ್ಕೆ ವಿಮೆ ಮಾಡಿಸಬೇಕು. ಪ್ರೀಮಿಯಂ ಸಾಮಾನ್ಯ ಖರ್ಚಿನಲ್ಲಿ ಸೇರುತ್ತದೆ. ಆದರೂ ತನ್ನ ಫ್ಲ್ಯಾಟಿಗೆ ತಾನು ಬೇರೆ ವಿಮೆ ಮಾಡಿಸುವ ಹಕ್ಕು ಪ್ರತಿ ಮಾಲಿಕನಿಗೂ ಉಳಿಯುತ್ತದೆ.

ಫ್ಲ್ಯಾಟಿನ ಮಟ್ಟಿಗೆ ಕಟ್ಟಡದ ವಿಮೆಗೆ ಇದೇ ಸರಿಯಾದ ಜಾಗ. ಕಾರಣ ಸರಳ: ಕಟ್ಟಡ ಪೂರ್ತಿ ಬಿದ್ದರೆ ಮೂರನೆಯ ಮಹಡಿಯ ನಿಮ್ಮ ಫ್ಲ್ಯಾಟನ್ನು ನೀವೊಬ್ಬರೇ ಮತ್ತೆ ಕಟ್ಟಲಾರಿರಿ. ತಲೆಗೊಂದು ದರದಲ್ಲಿ ಒಂದೇ ಕಾಗದದಲ್ಲಿ ಎಲ್ಲರಿಗೂ ರಕ್ಷಣೆ ಸಿಕ್ಕರೆ ಪ್ರೀಮಿಯಮ್ಮೂ ಕಡಿಮೆ, ಜಗಳವೂ ಕಡಿಮೆ.

ಆದರೆ ಕಾರ್ಯದರ್ಶಿಯ ಬಾಯಿಮಾತು ಸಾಲದು, ಪಾಲಿಸಿಯ ಪ್ರತಿ ಕೇಳಿ. ಅದರಲ್ಲಿ ಬರೆದದ್ದು ಇಡೀ ಕಟ್ಟಡವೋ, ಲಿಫ್ಟು–ಜನರೇಟರು–ಮೆಟ್ಟಿಲಿನಂತಹ ಸಾಮಾನ್ಯ ಭಾಗಗಳು ಮಾತ್ರವೋ? ಹಲವೆಡೆ ಎರಡನೆಯದೇ ಇರುತ್ತದೆ, ಮಾಲಿಕರು ಮೊದಲನೆಯದೆಂದು ನಂಬಿರುತ್ತಾರೆ. ತಾರಸಿಗೆ ಹಾಕಿದ ಶೀಟಿನ ಮಾಡು, ಕಂಪೌಂಡು, ತಡೆಗೋಡೆ, ಸೋಲಾರ್ ಪ್ಯಾನೆಲ್ಲು ಹೆಸರಿಸಿ ಸೇರಿಸಿದ್ದಾರೆಯೇ? ಗಾಳಿಗೆ ಮೊದಲು ಹಾರುವುದೇ ಆ ಶೀಟು. ಅದು ಪಕ್ಕದವರ ಕಾರಿನ ಮೇಲೆ ಬಿದ್ದರೆ ಯಾರು ಕೊಡಬೇಕು ಎಂಬುದಕ್ಕೆ ಸಾರ್ವಜನಿಕ ಹೊಣೆಗಾರಿಕೆಯ ರಕ್ಷಣೆ ಬೇರೆ ಬೇಕು. ಕೆಳಗೆ ಅಂಗಡಿಗಳಿದ್ದರೆ ಇನ್ನೂ ಒಂದು ಗಂಟು: ಗೃಹ ರಕ್ಷಾ ವಾಸದ ಮನೆಗೆ ಮಾತ್ರ. ಅಂಗಡಿಗಳ ಭಾಗಕ್ಕೆ ಮೌಲ್ಯ 5 ಕೋಟಿಯ ತನಕ ಇದ್ದರೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, 5ರಿಂದ 50 ಕೋಟಿಯಾದರೆ ಭಾರತ್ ಲಘು ಉದ್ಯಮ ಸುರಕ್ಷಾ ಬೇಕು. ಇವುಗಳಲ್ಲಿ ವಿಮಾ ಮೊತ್ತ ನಿಜ ಮೌಲ್ಯಕ್ಕಿಂತ ಶೇ. 15ರ ತನಕ ಕಡಿಮೆಯಿದ್ದರೆ ಮನ್ನಿಸುತ್ತಾರೆ, ಅದಕ್ಕಿಂತ ಕಡಿಮೆಯಿದ್ದರೆ ಕಡಿತ ಬೀಳುತ್ತದೆ.

ನಿಮ್ಮ ಸೋಫಾ, ಬಟ್ಟೆಬರೆ, ನೀವಾಗಿ ಮಾಡಿಸಿದ ಮಾಡ್ಯುಲರ್ ಅಡಿಗೆಮನೆ, ಮರದ ಸೀಲಿಂಗು – ಇವಾವುವೂ ಸಾಮಾನ್ಯವಾಗಿ ಅಸೋಸಿಯೇಷನ್ನಿನ ಪಾಲಿಸಿಯಲ್ಲಿ ಬರುವುದಿಲ್ಲ.

ಬ್ಯಾಂಕಿನ ಪಾಲಿಸಿ

ಸಾಲದ ಜತೆ ಬಂದ ಕಾಗದವನ್ನು ಬಿಡಿಸಿ ನೋಡಿ. ಅದು ಎರಡರಲ್ಲಿ ಒಂದು. ಹಲವರ ಕೈಯಲ್ಲಿರುವುದು ಸಾಲಗಾರನ ಜೀವವಿಮೆ: ಸಾಲಗಾರ ತೀರಿಕೊಂಡರೆ ಸಾಲ ತೀರುತ್ತದೆ, ಕಟ್ಟಡ ಸುಟ್ಟರೆ ಏನೂ ಬರುವುದಿಲ್ಲ. ಇದನ್ನೇ 'ಮನೆವಿಮೆ' ಎಂದು ತಿಳಿದುಕೊಂಡವರು ಕಡಿಮೆ ಇಲ್ಲ.

ಇನ್ನೊಂದು ನಿಜವಾದ ಕಟ್ಟಡದ ವಿಮೆ. ಅದರಲ್ಲೂ ಸಾಮಾನ್ಯವಾಗಿ ವಿಮಾ ಮೊತ್ತವೆಂದರೆ ಸಾಲದ ಮೊತ್ತ. 40 ಲಕ್ಷದ ಫ್ಲ್ಯಾಟಿಗೆ 15 ಲಕ್ಷ ಸಾಲ ಪಡೆದಿದ್ದರೆ ವಿಮೆಯೂ 15 ಲಕ್ಷಕ್ಕೇ ನಿಲ್ಲುತ್ತದೆ. ಪರಿಹಾರದ ಮೇಲೆ ಮೊದಲ ಹಕ್ಕು ಬ್ಯಾಂಕಿನದು. ಸಾಲ ತೀರಿದ ದಿನ ಹೆಚ್ಚಿನವರು ಆಧಾರಪತ್ರ (ಫ್ಲ್ಯಾಟಿನ ಕ್ರಯಪತ್ರ) ವಾಪಸು ತರುತ್ತಾರೆ, ವಿಮೆಯನ್ನು ನವೀಕರಿಸುವುದನ್ನು ಮರೆಯುತ್ತಾರೆ. ಬ್ಯಾಂಕು ವಿಮೆ ಬೇಕು ಎನ್ನಬಹುದು, ಇಂಥ ಕಂಪನಿಯದೇ ಬೇಕು ಎಂದು ಒತ್ತಾಯಿಸುವಂತಿಲ್ಲ; ಹೊರಗೆ ಗೃಹ ರಕ್ಷಾ ಮಾಡಿಸಿ ಅದರಲ್ಲಿ ಬ್ಯಾಂಕಿನ ಹೆಸರು ಸೇರಿಸಿ ಕೊಟ್ಟರೆ ಸಾಕು. ಪ್ರೀಮಿಯಮ್ಮನ್ನು ಸಾಲಕ್ಕೇ ಸೇರಿಸಿದ್ದರೆ ಅದಕ್ಕೂ ಬಡ್ಡಿ ಕಟ್ಟುತ್ತಿದ್ದೀರಿ ಎಂಬುದು ನೆನಪಿರಲಿ.

ಸ್ವಂತ ಪಾಲಿಸಿ: ಕಟ್ಟಡವೂ ಸಾಮಾನೂ

ಅಸೋಸಿಯೇಷನ್ ಇಡೀ ಕಟ್ಟಡಕ್ಕೆ ವಿಮೆ ಮಾಡಿಸಿಲ್ಲ, ಅಥವಾ ಅಸೋಸಿಯೇಷನ್ನೇ ಇಲ್ಲ ಎಂದಾದರೆ ಇದೇ ದಾರಿ. ಇಲ್ಲಿ ಜನ ಮಾಡುವ ತಪ್ಪು ಮಾರುಕಟ್ಟೆ ಬೆಲೆಗೆ ವಿಮೆ ಮಾಡಿಸುವುದು. ನೀವು ಕೊಟ್ಟ ಬೆಲೆಯಲ್ಲಿ ಭೂಮಿಯ ಪಾಲಿದೆ, ಬಿಲ್ಡರನ ಲಾಭವಿದೆ. ಭೂಮಿ ಸುಡುವುದಿಲ್ಲ. ಗೃಹ ರಕ್ಷಾದ ಲೆಕ್ಕ ಇದು: ಕಾರ್ಪೆಟ್ ವಿಸ್ತೀರ್ಣವನ್ನು (ಫ್ಲ್ಯಾಟಿನ ಗೋಡೆಗಳ ಒಳಗಿನ ಜಾಗ) ಈಗಿನ ನಿರ್ಮಾಣ ದರದಿಂದ ಗುಣಿಸಬೇಕು. ಬ್ರೋಷರಿನಲ್ಲಿ 1,350 ಚದರಡಿ ಎಂದಿರುವುದು ಸಾಮಾನ್ಯ ಜಾಗದ ಪಾಲನ್ನೂ ಸೇರಿಸಿದ ಸೂಪರ್ ಬಿಲ್ಟ್‌ಅಪ್. ಕಾರ್ಪೆಟ್ 1,000 ಇರಬಹುದು. ಚದರಡಿಗೆ 2,400 ರೂಪಾಯಿ ಎಂದು ಹಿಡಿದರೆ 24 ಲಕ್ಷ. ಗ್ಯಾರೇಜು, ಪಾರ್ಕಿಂಗಿನ ಮಾಡು ನಿಮ್ಮದೇ ಆಗಿದ್ದರೆ ಬೇರೆ ಸೇರಿಸಿ. ಮಾರುಕಟ್ಟೆ ಬೆಲೆ 45 ಲಕ್ಷವೆಂದು ಅಷ್ಟಕ್ಕೂ ವಿಮೆ ಮಾಡಿಸಿ ಪ್ರೀಮಿಯಂ ಕಟ್ಟಿದರೂ ಕೈಗೆ ಬರುವುದು ಕಟ್ಟುವ ಖರ್ಚು ಮಾತ್ರ.

ಕೆಲವು ಕಂಪನಿಗಳು ಫ್ಲ್ಯಾಟಿಗೆ 'ಒಪ್ಪಿದ ಮೌಲ್ಯ'ದ ಪಾಲಿಸಿಯನ್ನೂ ಮಾರುತ್ತವೆ: ಪೂರ್ತಿ ನಾಶವಾದರೆ ಮೊದಲೇ ಒಪ್ಪಿಕೊಂಡ ಮೊತ್ತ. ನೆರೆಮನೆಯವರ ಒಪ್ಪಿಗೆಗೆ ಕಾಯದೆ ಬೇರೆ ಕಡೆ ಮನೆ ನೋಡಿಕೊಳ್ಳಬಹುದು ಎಂಬುದು ಲಾಭ. ಪ್ರೀಮಿಯಂ ಜಾಸ್ತಿ ಎಂಬುದು ನಷ್ಟ. ಹಳೆಯ ಕಟ್ಟಡದಲ್ಲಿ, ಒಗ್ಗಟ್ಟಿಲ್ಲದ ಅಸೋಸಿಯೇಷನ್ನಿನಲ್ಲಿ ಇರುವವರಿಗೆ ಇದು ಯೋಚಿಸತಕ್ಕದ್ದು; ಉಳಿದವರಿಗೆ ಅಷ್ಟು ಬೇಡ.

24–25 ಲಕ್ಷದ ಕಟ್ಟಡಕ್ಕೆ ಮೂಲ ಪಾಲಿಸಿಯ ಪ್ರೀಮಿಯಂ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಮಾತು, ಅದರ ಮೇಲೆ ಶೇ. 18 ಜಿ.ಎಸ್.ಟಿ. ಏಜೆಂಟರು ಹತ್ತು ಸಾವಿರ ಹೇಳಿದರೆ ಅದರಲ್ಲಿ ಬೇರೇನೋ ಸೇರಿದೆ ಎಂದೇ ಅರ್ಥ. ಏನೆಂದು ಬಿಡಿಸಿ ಕೇಳಿ.

ಸಾಮಾನಿಗೆ ಮಾತ್ರ

ಗೃಹ ರಕ್ಷಾವನ್ನು ಕಟ್ಟಡ ಬಿಟ್ಟು ಸಾಮಾನಿಗಷ್ಟೇ ತೆಗೆದುಕೊಳ್ಳಬಹುದು. ಅಸೋಸಿಯೇಷನ್ನಿನ ಪಾಲಿಸಿ ಗಟ್ಟಿಯಾಗಿದ್ದರೆ ಫ್ಲ್ಯಾಟಿನವರಿಗೆ ಅತ್ಯಂತ ಲಾಭದ ಆಯ್ಕೆ ಇದೇ. ಬಾಡಿಗೆಗೆ ಇರುವವರಿಗೂ ಇದೊಂದೇ ದಾರಿ. ಕೋಣೆ ಕೋಣೆಗೂ ಹೋಗಿ ಪಟ್ಟಿ ಮಾಡಿ, ಹಳೆಯ ಬೆಲೆಯನ್ನಲ್ಲ, ಇವತ್ತು ಹೊಸದಾಗಿ ಕೊಳ್ಳಲು ಎಷ್ಟು ಬೇಕೋ ಅಷ್ಟು ಬರೆಯಿರಿ. ಅಡಿಗೆಮನೆ, ಕಪಾಟುಗಳನ್ನು ಬಿಡಬೇಡಿ. ಎರಡು ಬೆಡ್‌ರೂಮಿನ ಸಾಧಾರಣ ಮನೆಯಲ್ಲೂ ಒಟ್ಟು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿಯಾಗುತ್ತದೆ.

ಒಡವೆ ಬೇರೆ ವಿಭಾಗ. ಇದನ್ನು ಕೇಳಿ ಸೇರಿಸಬೇಕು, ಮೌಲ್ಯವನ್ನು ಮೊದಲೇ ಒಪ್ಪಿಕೊಳ್ಳುತ್ತಾರೆ. ಒಟ್ಟು 5 ಲಕ್ಷ, ಒಂದೊಂದಕ್ಕೆ 1 ಲಕ್ಷ ದಾಟದಿದ್ದರೆ ಮೌಲ್ಯಮಾಪನ ಪತ್ರ ಬೇಡ. ಈಗಿನ ಚಿನ್ನದ ದರದಲ್ಲಿ ಎರಡು ಪವನಿನ ಬಳೆಯೇ ಲಕ್ಷ ದಾಟುವುದರಿಂದ ಹೆಚ್ಚಿನವರಿಗೆ ಪತ್ರ ಬೇಕೇ ಬೇಕು. ಲಾಕರಿನಲ್ಲಿಟ್ಟರೆ ಬ್ಯಾಂಕಿನ ಹೊಣೆ, ಕಳವು ಬೆಂಕಿ ಇತ್ಯಾದಿಗಳಲ್ಲಿ, ವಾರ್ಷಿಕ ಲಾಕರ್ ಬಾಡಿಗೆಯ ನೂರು ಪಟ್ಟು ಮಾತ್ರ. 2,000 ರೂಪಾಯಿ ಬಾಡಿಗೆಯಾದರೆ 2 ಲಕ್ಷ.

ಪ್ಯಾಕೇಜು

ಗೃಹ ರಕ್ಷಾದ ಮೇಲೆ ಕಳವು, ವಿದ್ಯುತ್ ಉಪಕರಣಗಳ ಕೆಡುಕು, ಗಾಜು ಒಡೆಯುವುದು, ಇತರರಿಗೆ ಆದ ಹಾನಿಯ ಹೊಣೆ, ಕೆಲಸದವರ ಅಪಘಾತ ಹೀಗೆ ಒಂದೊಂದಾಗಿ ಪೇರಿಸಿ ಮಾರುತ್ತಾರೆ. ಇಡೀ ಕಟ್ಟು ಬೇಡ. ನಮ್ಮ ಜಿಲ್ಲೆಯ ಫ್ಲ್ಯಾಟಿಗೆ ಎರಡು ನಿಜವಾಗಿ ಬೇಕು: ವಿದ್ಯುತ್ ಉಪಕರಣ, ಮತ್ತೆ ಹೊಣೆಗಾರಿಕೆ. ನೀವು ನಲ್ಲಿ ತೆರೆದಿಟ್ಟು ಊರಿಗೆ ಹೋಗಿ, ಕೆಳಗಿನವರ ಮರದ ನೆಲ ಉಬ್ಬಿದರೆ ಕೆಲಸಕ್ಕೆ ಬರುವುದು ಈ ಎರಡನೆಯದು. ವಿದ್ಯುತ್ ವಿಭಾಗದಲ್ಲಿ ಉಪಕರಣ ಎಷ್ಟು ವರ್ಷ ಹಳೆಯದರ ತನಕ ಒಪ್ಪುತ್ತಾರೆ, ಪ್ರತಿ ಕ್ಲೇಮಿಗೂ ಎಷ್ಟು ಮುರಿದುಕೊಳ್ಳುತ್ತಾರೆ ಎಂದು ಕೇಳಿ. ಹತ್ತು ವರ್ಷದ ಫ್ರಿಜ್ಜಿಗೆ ಪ್ರೀಮಿಯಂ ಕಟ್ಟಿ ಉಪಯೋಗವಿಲ್ಲ.

ಕಳವಿನ ವಿಭಾಗ ಬೀಗ ಹಾಕಿದ ಮನೆಗೆ ಬೇಕು, ಆದರೆ ಅಲ್ಲಿಯೇ ಕುಣಿಕೆ ಇದೆ. ಮನೆ ಸತತ 30 ಅಥವಾ 60 ದಿನಕ್ಕಿಂತ ಹೆಚ್ಚು ಖಾಲಿಯಿದ್ದರೆ ರಕ್ಷಣೆ ನಿಲ್ಲುತ್ತದೆ ಎಂಬ ಷರತ್ತು ಹಲವು ಪಾಲಿಸಿಗಳಲ್ಲಿ ಇರುತ್ತದೆ. ದುಬೈಯಿಂದ ವರ್ಷಕ್ಕೊಮ್ಮೆ ಬರುವವರು ಇದನ್ನು ಲಿಖಿತವಾಗಿ ತಿಳಿಸಿ, ಒಪ್ಪಿಗೆಯನ್ನು ಪಾಲಿಸಿಯಲ್ಲಿ ಬರೆಸಿಕೊಳ್ಳದೆ ಕಳವಿನ ಪ್ರೀಮಿಯಂ ಕಟ್ಟುವುದು ವ್ಯರ್ಥ. ಬರೆದು ಕೊಡದಿದ್ದರೆ ಆ ಹಣವನ್ನು ಒಳ್ಳೆಯ ಬೀಗಕ್ಕೆ, ಕ್ಯಾಮೆರಾಕ್ಕೆ ಹಾಕಿ. ಒಡವೆ ಲಾಕರಿಗೆ ಹೋಗಲಿ.

ಒಂದು ವರ್ಷವೋ, ಹತ್ತು ವರ್ಷವೋ

ಗೃಹ ರಕ್ಷಾ 10 ವರ್ಷದ ತನಕ ಸಿಗುತ್ತದೆ. ದೀರ್ಘಾವಧಿಯದರಲ್ಲಿ ಕಟ್ಟಡದ ಮೊತ್ತ ವರ್ಷಕ್ಕೆ ಶೇ. 10ರಂತೆ ತಾನಾಗಿ ಏರುತ್ತದೆ, ನವೀಕರಣ ಮರೆಯುವ ಭಯವಿಲ್ಲ. ನಡುವೆ ಮಾರಿದರೆ ಇನ್ನೂ ಆರಂಭವಾಗದ ವರ್ಷಗಳ ಪ್ರೀಮಿಯಂ ವಾಪಸು ಪಡೆಯಬಹುದು. ಊರಲ್ಲೇ ನೆಲೆ ನಿಂತವರಿಗೆ 5 ವರ್ಷದ್ದು ಹದ. ಅಸೋಸಿಯೇಷನ್ ಇನ್ನೂ ಗಟ್ಟಿಯಾಗುತ್ತಿರುವ ಹೊಸ ಕಟ್ಟಡದಲ್ಲಿ ವರ್ಷದ್ದೇ ಸಾಕು, ಮುಂದೆ ಕಟ್ಟಡದ ಭಾಗ ಬಿಡಲು ಅನುಕೂಲ.

ಯಾರಿಗೆ ಯಾವುದು

ಅಸೋಸಿಯೇಷನ್ನಿನ ಪೂರ್ಣ ಪಾಲಿಸಿ ಇದ್ದು ನೀವೇ ವಾಸವಿದ್ದರೆ: ಸಾಮಾನಿನ ವಿಮೆ, ವಿದ್ಯುತ್ ಉಪಕರಣ, ಹೊಣೆಗಾರಿಕೆ. ಕಟ್ಟಡಕ್ಕೆ ಮತ್ತೆ ಕಟ್ಟಬೇಡಿ. ಎರಡು ಪಾಲಿಸಿ ಇದ್ದರೂ ಒಂದೇ ನಷ್ಟಕ್ಕೆ ಎರಡು ಸಲ ಹಣ ಬರುವುದಿಲ್ಲ.

ಬಾಡಿಗೆಗೆ ಕೊಟ್ಟಿದ್ದರೆ: ಕಟ್ಟಡ ಮತ್ತು ಬಾಡಿಗೆ ನಷ್ಟ, ಅಷ್ಟೇ. ಸಾಮಾನು ಬಾಡಿಗೆದಾರರದು. ಅಲ್ಲಿ ಕ್ಲಿನಿಕ್ಕೋ ಟ್ಯೂಷನ್ನೋ ಆಫೀಸೋ ನಡೆಯುತ್ತಿದ್ದರೆ ತಿಳಿಸಲೇಬೇಕು, ಮುಚ್ಚಿಟ್ಟರೆ ಕ್ಲೇಮು ಬಿದ್ದುಹೋಗುತ್ತದೆ.

ಸಾಲ ದೊಡ್ಡದಿದ್ದು ಕೈ ಬಿಗಿಯಿದ್ದರೆ: ಬ್ಯಾಂಕಿನ ಹೆಸರು ಸೇರಿಸಿದ ಮೂಲ ಗೃಹ ರಕ್ಷಾ ಒಂದೇ. ಶೇ. 20ರ ಸಾಮಾನಿನ ರಕ್ಷಣೆ ಅದರಲ್ಲೇ ಬಂತು.

ಕ್ಲೇಮು ಕೆಡುವುದು ಎಲ್ಲಿ

ಹೆಸರಿನಿಂದ ಶುರು. ಆಧಾರಪತ್ರದಲ್ಲಿ ಒಂದು ರೀತಿ, ಮಲಯಾಳದ ಕಟ್ಟಡ ತೆರಿಗೆ ರಶೀದಿಯಲ್ಲಿ ಇನ್ನೊಂದು, ಆಧಾರ್ ಕಾರ್ಡಿನಲ್ಲಿ ಮತ್ತೊಂದು ಕಾಗುಣಿತ. ಮನೆ ನಂಬ್ರವೂ ಬದಲಾಗಿರುತ್ತದೆ. ಪಾಲಿಸಿ ಕೈಗೆ ಬಂದ ದಿನವೇ ಇವನ್ನು ಹೊಂದಿಸಿ ತಿದ್ದಿಸಿ.

ಅನಾಹುತವಾದ ಕೂಡಲೇ ಕಂಪನಿಗೆ ತಿಳಿಸಿ, ಫೋಟೋ ವಿಡಿಯೋ ತೆಗೆಯಿರಿ. ನಷ್ಟ ಅಳೆಯುವ ಸರ್ವೇಯರ್ ಬರುವ ತನಕ ಒಡೆದದ್ದನ್ನು ಗುಜರಿಗೆ ಹಾಕಬೇಡಿ. ಹಾನಿ ಹೆಚ್ಚದಂತೆ ಟಾರ್ಪಾಲ್ ಹೊದೆಸುವುದು ತಪ್ಪಲ್ಲ, ಅದು ನಿಮ್ಮ ಕರ್ತವ್ಯವೇ. ಬೆಂಕಿಗೆ ಅಗ್ನಿಶಾಮಕ ದಳದ ವರದಿ, ಕಳವಿಗೆ ಎಫ್.ಐ.ಆರ್., ನೆರೆ–ಗಾಳಿಗೆ ಗ್ರಾಮಾಧಿಕಾರಿ ಕಚೇರಿಯ ಪತ್ರ, ವಿದ್ಯುತ್ ಉಪಕರಣಕ್ಕೆ ಯಾವ ಭಾಗ ಏಕೆ ಕೆಟ್ಟಿತೆಂದು ಬರೆದ ಮೆಕ್ಯಾನಿಕನ ವರದಿ ಮತ್ತು ಕೊಂಡ ಬಿಲ್ಲು ಬೇಕು. ಬಿಲ್ಲುಗಳ ಶಾಯಿ ಮಾಸುತ್ತದೆ, ಫೋಟೋ ತೆಗೆದು ಮನೆಯ ಹೊರಗೆ ಎಲ್ಲಾದರೂ ಇಡಿ.

ಕಂಪನಿ ನಿರಾಕರಿಸಿದರೆ ಮೊದಲು ಅವರ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಲೋಕಪಾಲರ (ಇನ್ಶೂರೆನ್ಸ್ ಓಂಬುಡ್ಸ್‌ಮನ್) ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಕೇರಳಕ್ಕೆ ಕೊಚ್ಚಿಯ ಕಚೇರಿ. ಆದರೆ ಪಾಲಿಸಿ ಕೊಟ್ಟದ್ದು ಮಂಗಳೂರಿನ ಶಾಖೆಯಾದರೆ ಕರ್ನಾಟಕದ ಬೆಂಗಳೂರು ಕಚೇರಿಗೂ ದೂರು ಕೊಡಬಹುದು, ಏಕೆಂದರೆ ವಾಸದ ಊರು, ಶಾಖೆಯ ಊರು ಎರಡರಲ್ಲಿ ಯಾವುದಾದರೂ ಆಗುತ್ತದೆ. ಕನ್ನಡದಲ್ಲಿ ವ್ಯವಹರಿಸಬಯಸುವ ಮಂಜೇಶ್ವರದವರಿಗೆ ಎರಡನೆಯದು ಹೆಚ್ಚು ಅನುಕೂಲವಾದೀತು.